ಫೆಬ್ರವರಿಯ ಸಂಬಳದ ಚೀಟಿ

ಮೂಡಿಗೆರೆಯ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಹಾಲುವಾಣದ ಗೂಟದ ಬೇಲಿ. ನೆಟ್ಟ ಗೂಟಗಳೆಲ್ಲ ಚಿಗುರಿ ಮರವಾಗಿವೆ. ಆ ನೆರಳಲ್ಲಿ ಮಾತಿಗೆ ನಿಂತರೆ ಹೊತ್ತು ಹೋದದ್ದೇ ತಿಳಿಯೋದಿಲ್ಲ. ಮೊನ್ನೆ ಕಣದಲ್ಲಿ ರೊಬಸ್ಟಾ ಚೆರ್ರಿ ಕೆದಕ್ತಾ ಇದ್ದೆ. "ಅಣ್ಣಾ, ಒಂಚೂರು ಬಿಡುವಿದ್ಯಾ?" ಅಂತ ಆ ಕಡೆಯಿಂದ ಕೂಗು ಬಂತು. ಪಕ್ಕದ ಮನೆ ಡಿವೈಎಸ್‌ಪಿ ಸಾಹೇಬರದು. ಅವರು ಮನೇಲಿರೋದು ಅಪರೂಪ, ಕೂಗಿದ್ದು ಅವರ ಹೆಂಡತಿ. ಕೈಯಲ್ಲಿ ನಾಲ್ಕು ಮಡಿಕೆಯ ಕಾಗದ.

"ನೋಡಿ, ಪ್ರತಿ ತಿಂಗಳು ಬರೋದಕ್ಕಿಂತ ಈ ಸಲ ಎಷ್ಟು ಕಡಿಮೆ! ಇವರನ್ನ ಕೇಳಿದ್ರೆ 'ಟ್ಯಾಕ್ಸ್ ಹಿಡ್ದಿದಾರೆ' ಅಂತಾರೆ, ಮುಗೀತು. ಯಾವ ಟ್ಯಾಕ್ಸು, ಎಷ್ಟು ಅಂತ ಅವರಿಗೇ ಗೊತ್ತಿಲ್ಲ."

ಕಚೇರಿಯಲ್ಲಿ ಮೂವತ್ತು ವರ್ಷ ಸಂಬಳದ ಬಿಲ್ಲು ಬರೆದವನು ನಾನು. ಕಂಪ್ಯೂಟರಿನ ಎಚ್‌ಆರ್‌ಎಂಎಸ್ ಬರೋಕೆ ಮುಂಚೆ ಒಂದೊಂದು ಸಾಲನ್ನೂ ಕೈಯಲ್ಲೇ ಕೂಡಿ ಕಳೆದದ್ದು. ಚೀಟಿ ಕಂಡರೆ ಈಗಲೂ ಕೈ ತಾನಾಗಿ ಕನ್ನಡಕ ಹುಡುಕುತ್ತೆ. ಅವರ ಚೀಟಿಯ ಅಂಕಿಯನ್ನು ಇಲ್ಲಿ ಬರೆಯೋದು ಸರಿಯಲ್ಲ. ಲೆಕ್ಕ ಸುಲಭವಾಗಲಿ ಅಂತ ಮೂಲ ವೇತನ 1,00,000 ರೂಪಾಯಿ ಅಂತ ಇಟ್ಕೊಳ್ಳೋಣ.

ಅದರ ಮೇಲೆ ತುಟ್ಟಿಭತ್ಯೆ 2025ರ ಜುಲೈನ ದರದಲ್ಲಿ ಶೇ. 14.25, ಅಂದ್ರೆ 14,250. ಮನೆ ಬಾಡಿಗೆ ಭತ್ಯೆ ನಮ್ಮಂಥ ಊರಿಗೆ ಶೇ. 7.5, ಅಂದ್ರೆ 7,500. ಇದೇ ಅಧಿಕಾರಿ ಬೆಂಗಳೂರಲ್ಲಿದ್ರೆ ಶೇ. 20 ಸಿಗ್ತಿತ್ತು; ಇಲಾಖೆಯ ಕ್ವಾರ್ಟರ್ಸ್‌ನಲ್ಲಿದ್ರೆ ಏನೂ ಇಲ್ಲ. ಒಟ್ಟು 1,21,750.

"ಎಸ್‌ಪಿ ಸಾಹೇಬ್ರಿಗೆ ತುಟ್ಟಿಭತ್ಯೆ 58 ಪರ್ಸೆಂಟಂತೆ, ನಮಗೆ 14 ಚಿಲ್ರೆ! ಇದ್ಯಾವ ನ್ಯಾಯ ಅಣ್ಣ?"

ಈ ಮಾತನ್ನ ನಾನು ಬಹಳ ಕಡೆ ಕೇಳಿದ್ದೇನೆ, ಕೇಳಿದಾಗೆಲ್ಲ ಬಿಡಿಸಿ ಹೇಳಿದ್ದೇನೆ. ಎಸ್‌ಪಿ ಐಪಿಎಸ್, ಅವರಿಗೆ ಕೇಂದ್ರದ ವೇತನ ಶ್ರೇಣಿ. ಅಲ್ಲಿ ಮೂಲ ವೇತನ ಹೊಸದಾದದ್ದು 2016ರಲ್ಲಿ. ಆಮೇಲೆ ಏರಿದ ಬೆಲೆಯೆಲ್ಲ ತುಟ್ಟಿಭತ್ಯೆಯಾಗಿಯೇ ಬೆಳೆದು 2025ರ ಜುಲೈಗೆ ಶೇ. 58 ಆಯ್ತು. ನಮ್ಮ ರಾಜ್ಯದ್ದು ಕೆ. ಸುಧಾಕರ ರಾವ್ ಅಧ್ಯಕ್ಷತೆಯ 7ನೇ ವೇತನ ಆಯೋಗ. ಅದರ ಶ್ರೇಣಿ ಕೈಗೆ ಬಂದದ್ದು 2024ರ ಆಗಸ್ಟ್‌ನಿಂದ. ಆಗ ಹಳೆಯ ಶೇ. 31 ತುಟ್ಟಿಭತ್ಯೆಯನ್ನ ಮೂಲ ವೇತನದೊಳಗೇ ಸೇರಿಸಿ, ಮೇಲೆ ಶೇ. 27.5 ಹೆಚ್ಚಿಸಿದ್ರು. ಕನಿಷ್ಠ ವೇತನ 17,000ದಿಂದ 27,000ಕ್ಕೆ ಹೋದದ್ದು ಹಾಗೆ. ಹಳೇ ತುಟ್ಟಿಭತ್ಯೆ ಮೂಲ ವೇತನದಲ್ಲಿ ಕರಗಿ ಹೋಗಿರೋದ್ರಿಂದ ಮೇಲೆ ಕಾಣೋ ಅಂಕಿ ಸಣ್ಣದು.

ಇನ್ನು ಕಡಿತ. ಅವರು ಕೊಟ್ಟಿಗೆಹಾರದ ಕಡೆ ಬೆಳೆಗಾರರ ಮನೆಯ ಮಗಳು, ಓಟಿ ಅಂದ್ರೆ ತಟ್ಟನೆ ಅರ್ಥವಾಗುತ್ತೆ. 50 ಕೆಜಿ ಚೆರ್ರಿ ಮೂಟೆಗೆ 26 ಕೆಜಿ ಬೇಳೆ ಬಂದ್ರೆ ಓಟಿ 26, ಮಿಕ್ಕಿದ್ದು ಸಿಪ್ಪೆ. ಸಂಬಳದ ಚೀಟಿಯನ್ನೂ ಜನ ಹೀಗೇ ಓದ್ತಾರೆ, ಕೈಗೆ ಬಂದದ್ದು ಬೇಳೆ, ಕಡಿತವೆಲ್ಲ ಸಿಪ್ಪೆ ಅಂತ. ಅಲ್ಲೇ ತಪ್ಪೋದು.

"ಈ ಸಾಲು ನೋಡಿ ತಾಯಿ" ಅಂತ ಬೆರಳಿಟ್ಟು ತೋರಿಸಿದೆ. ಎನ್‌ಪಿಎಸ್, ನಮ್ಮ ಲೆಕ್ಕಕ್ಕೆ 11,425. ಮೂಲ ವೇತನ, ತುಟ್ಟಿಭತ್ಯೆ ಸೇರಿದ ಮೊತ್ತದ ಶೇ. 10. ಸಾಹೇಬರು ಸೇವೆಗೆ ಸೇರಿದ್ದು 2006ರ ಏಪ್ರಿಲ್ ಆದಮೇಲೆ, ಹಾಗಾಗಿ ಈ ಪಿಂಚಣಿ. ಸರ್ಕಾರ ತನ್ನ ಪಾಲು ಶೇ. 14 ಹಾಕುತ್ತೆ, 15,995. ತಿಂಗಳಿಗೆ 27,420 ರೂಪಾಯಿ ಇವರ ಹೆಸರಲ್ಲಿ ಕೂಡ್ತಾ ಇದೆ. ಇದನ್ನ ಖರ್ಚು ಅನ್ನೋದು ಹೇಗೆ? ಕೆಳಗಿನದು ಕೆಜಿಐಡಿ, ಮೈಸೂರು ಮಹಾರಾಜರ ಕಾಲದಲ್ಲಿ, 1891ರಲ್ಲಿ ಶುರುವಾದ ಸರ್ಕಾರಿ ವಿಮೆ. ಅದರ ಪಕ್ಕ ಗುಂಪು ವಿಮೆ. ಇವು ಮನೆಯವರಿಗಾಗಿ ಇರೋ ದುಡ್ಡು. ವೃತ್ತಿ ತೆರಿಗೆ ತಿಂಗಳಿಗೆ 200, ಫೆಬ್ರವರಿಯಲ್ಲಿ ಮಾತ್ರ 300.

ನಿಜಕ್ಕೂ ಕೈಬಿಟ್ಟು ಹೋಗೋದು ಆದಾಯ ತೆರಿಗೆ. ಹನ್ನೆರಡು ತಿಂಗಳೂ ಇದೇ ಸಂಬಳ ಅಂತ ಹಿಡಿದ್ರೆ ವರ್ಷಕ್ಕೆ 14,61,000. ಹೊಸ ಪದ್ಧತಿಯಲ್ಲಿ ಸಂಬಳದವರಿಗೆಲ್ಲ ಸಿಗೋ 75,000 ಕಳೆದ್ರೆ 13,86,000. 2025-26ರ ದರದಲ್ಲಿ ಮೊದಲ 4 ಲಕ್ಷಕ್ಕೆ ತೆರಿಗೆಯಿಲ್ಲ, ಮುಂದಿನ 4 ಲಕ್ಷಕ್ಕೆ ಶೇ. 5, ಆಮೇಲಿನ 4 ಲಕ್ಷಕ್ಕೆ ಶೇ. 10, ಉಳಿದದ್ದಕ್ಕೆ ಶೇ. 15. ಶೇ. 4 ಸೆಸ್ ಸೇರಿ 91,416. ತಿಂಗಳು ತಿಂಗಳು ಹಿಡಿದಿದ್ರೆ 7,618 ಆಗ್ತಿತ್ತು. ಹನ್ನೊಂದು ತಿಂಗಳು ನಾಲ್ಕು ನಾಲ್ಕು ಸಾವಿರ ಹಿಡಿದು ಸುಮ್ಮನಿದ್ರೆ? ಉಳಿದ 47,416 ರೂಪಾಯಿ ಫೆಬ್ರವರಿ ಸಂಬಳದ ಮೇಲೆ ಒಂದೇ ಏಟಿಗೆ ಬೀಳುತ್ತೆ. ಇವರಿಗೆ ಆಗಿದ್ದು ಅದೇ. ಏಪ್ರಿಲ್‌ನಲ್ಲೇ ವರ್ಷದ ಅಂದಾಜು ಹಾಕಿ, ಇಷ್ಟಿಷ್ಟು ಹಿಡೀರಿ ಅಂತ ಕಚೇರಿಗೆ ಬರೆದುಕೊಟ್ರೆ ಈ ಪೇಚಾಟವಿಲ್ಲ.

"ಕಳಸದ ಹತ್ರ ಇವರ ಪಾಲಿನ ತೋಟ ಇದ್ಯಲ್ಲ, ಕಾಫಿ ದುಡ್ಡಿಗೆ ತೆರಿಗೆ ಇಲ್ಲ ಅಲ್ವಾ?"

ಇದು ನಮ್ಮ ಸೀಮೆಯ ನೌಕರರೆಲ್ಲ ಎಡವೋ ಜಾಗ. ಚೆರ್ರಿಯನ್ನ ಒಣಗಿಸಿ ಹಾಗೇ ಮಾರಿದ್ರೆ ಅದು ಪೂರ್ತಿ ಕೃಷಿ ಆದಾಯ, ತೆರಿಗೆ ಇಲ್ಲ ನಿಜ. ಕ್ಯೂರಿಂಗ್ ಮಾಡಿಸಿ ಬೇಳೆ ಮಾರಿದ್ರೆ ಕಾಲು ಭಾಗ ವ್ಯಾಪಾರದ ಆದಾಯ ಅಂತ ತೆರಿಗೆಗೆ ಬರುತ್ತೆ. ಇದು ಹಾಗಿರಲಿ. ತೆರಿಗೆಯಿಲ್ಲದ ಕೃಷಿ ಆದಾಯವೂ 5,000 ದಾಟಿದ್ರೆ, ದರ ಗೊತ್ತು ಮಾಡೋಕೆ ಅದನ್ನ ಸಂಬಳದ ಜೊತೆ ಕೂಡಿಸ್ತಾರೆ. ಖರ್ಚು ಕಳೆದು ತೋಟದಿಂದ 2 ಲಕ್ಷ ಉಳೀತು ಅನ್ನಿ. ಆ 2 ಲಕ್ಷಕ್ಕೆ ತೆರಿಗೆಯಿಲ್ಲದಿದ್ರೂ ಒಟ್ಟು ತೆರಿಗೆ ಸೆಸ್ ಸೇರಿ 20,800 ರೂಪಾಯಿ ಏರುತ್ತೆ. ಸಂಬಳ ಕೊಡೋ ಕಚೇರಿಗೆ ತೋಟದ ಸುದ್ದಿ ಗೊತ್ತಿರೋದಿಲ್ಲ. ಹೇಳದೆ ಇದ್ರೆ ರಿಟರ್ನ್ ಸಲ್ಲಿಸುವಾಗ ಕೈಯಿಂದ ಕಟ್ಟಬೇಕು.

ಅವರು ಒಳಗೆ ಹೋಗಿ ಕಾಫಿ ಲೆಕ್ಕದ ಪುಸ್ತಕ, ಪೆನ್ಸಿಲ್ ತಂದು ಎಲ್ಲ ಗುರುತು ಹಾಕ್ಕೊಂಡ್ರು. ಕೆಜಿಐಡಿ ಪಾಲಿಸಿ ಸಂಖ್ಯೆಯನ್ನೂ ಬರ್ಕೊಳ್ಳಿ ಅಂದೆ. ಅದನ್ನ ಹೇಳೋದಕ್ಕೆ ನನಗೊಂದು ಕಾರಣವಿತ್ತು. ನಾನು ಕೆಲಸದಲ್ಲಿದ್ದಾಗ, ಡ್ಯೂಟಿಯಲ್ಲಿದ್ದ ಒಬ್ಬ ಎಎಸ್‌ಐ ಎದೆನೋವಿಂದ ಹೋಗಿಬಿಟ್ರು. ಹದಿನೈದು ದಿನದ ಮೇಲೆ ಅವರ ಹೆಂಡತಿ ಮಗನ ಕೈ ಹಿಡ್ಕೊಂಡು ಕಚೇರಿ ಬಾಗಿಲಿಗೆ ಬಂದ್ರು. ಗಂಡನ ಸಂಬಳದ ಚೀಟಿಯನ್ನ ಅವರು ಒಮ್ಮೆಯೂ ನೋಡಿರಲಿಲ್ಲ. ಎಷ್ಟು ಪಾಲಿಸಿ, ಭವಿಷ್ಯ ನಿಧಿಯಲ್ಲಿ ಎಷ್ಟಿದೆ, ಸೊಸೈಟಿ ಸಾಲ ಎಷ್ಟು ಬಾಕಿ, ಯಾವುದೂ ಗೊತ್ತಿಲ್ಲ. ಒಂದೊಂದು ಕಾಗದಕ್ಕೂ ಆ ತಾಯಿ ಬಸ್ಸು ಹತ್ತಿ ಬರಬೇಕಾಯ್ತು. ಮಳೆಗಾಲ ಬೇರೆ. ಒದ್ದೆ ಸೆರಗಲ್ಲಿ ಕಾಗದ ಸುತ್ಕೊಂಡು ನಿಂತದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಅವರು ಸುಮ್ಮನೆ ಕೇಳಿಸ್ಕೊಂಡ್ರು. ಆಮೇಲೆ ಚೀಟಿಯನ್ನ ಮತ್ತೆ ಮೇಲಿಂದ ಕೆಳಗೆ ನೋಡಿ, "ನಾಮಿನಿ ಯಾರು ಅಂತ ಇದರಲ್ಲಿ ಎಲ್ಲಿದೆ?" ಅಂದ್ರು.

"ಇದರಲ್ಲಿ ಬರೋದಿಲ್ಲ ತಾಯಿ. ಕೆಲಸಕ್ಕೆ ಸೇರಿದಾಗ ಅವರು ಬರೆದುಕೊಟ್ಟದ್ದು. ಅವರನ್ನೇ ಕೇಳಬೇಕು."

ಅಲ್ಲೇ ಬೇಲಿಗೆ ಒರಗಿ ಫೋನ್ ಹಚ್ಚಿದ್ರು. ಸಾಹೇಬರು ಯಾವುದೋ ಜಾತ್ರೆಯ ಬಂದೋಬಸ್ತಲ್ಲಿದ್ರು, ವಾದ್ಯದ ಸದ್ದು ನನಗೂ ಕೇಳಿಸ್ತಿತ್ತು. ಎರಡು ಮಾತಾಡಿ ಫೋನ್ ಇಟ್ರು.

"ಮದ್ವೆಗೆ ಮುಂಚೆ ಬರೆದದ್ದಂತೆ ಅಣ್ಣ. ಅಮ್ಮನ ಹೆಸರು ಇರಬೇಕು ಅಂದ್ರು."

ಅವರ ಅತ್ತೆ ತೀರಿಕೊಂಡು ಆರು ವರ್ಷವಾಯ್ತು.