ನನ್ನ ಮೂಗಿನ ನೇರಕ್ಕೆ

ನಮ್ಮ ಮನೆಯಲ್ಲಿ ಹಾಲು ಕೆಟ್ಟಿದೆಯೋ ಇಲ್ಲವೋ ಎಂದು ಯಾರೂ ಕಾಯಿಸಿ ನೋಡುವುದಿಲ್ಲ. ಪಾತ್ರೆಯನ್ನು ತಂದು ನನ್ನ ಮೂಗಿನ ಕೆಳಗೆ ಹಿಡಿಯುತ್ತಾರೆ. ನಾನು ಪೇಪರ್ ಓದುತ್ತಿರಲಿ, ಹಲ್ಲುಜ್ಜುತ್ತಿರಲಿ, ದೇವರ ಮುಂದೆ ಕಣ್ಣು ಮುಚ್ಚಿ ಕೂತಿರಲಿ, ಪಾತ್ರೆ ಬರುತ್ತದೆ. "ಈಗಿನ ಕಾಫಿಗೆ ಆಗತ್ತೆ, ಸಂಜೆವರೆಗೆ ತಡೆಯಲ್ಲ" ಎಂದರೆ ಮುಗಿಯಿತು, ಅದರ ಮೇಲೆ ಅಪೀಲಿಲ್ಲ. ಮೊಸರು, ದೋಸೆ ಹಿಟ್ಟು, ನಿನ್ನೆಯ ಹುಳಿ, ಮಳೆಗಾಲದಲ್ಲಿ ಒಣಗಿದಂತೆ ನಟಿಸುವ ಟವೆಲ್ಲು, ಒಗೆದದ್ದೋ ತೊಟ್ಟು ಬಿಟ್ಟದ್ದೋ ತಿಳಿಯದ ಅಂಗಿ, ಎಲ್ಲವೂ ನನ್ನ ಮುಂದೆ ಹಾಜರಾಗುತ್ತವೆ. ಹಲಸಿನ ಹಣ್ಣನ್ನು ಇವತ್ತು ಹೆಚ್ಚಬೇಕೋ ನಾಳೆಯೋ ಎಂದು ಪಕ್ಕದ ಮನೆಯವರೂ ಕೇಳಿಕೊಂಡು ಹೋಗುತ್ತಾರೆ. ತೊಳೆ ಮಾತ್ರ ಕಳಿಸುವುದಿಲ್ಲ.

ದೇವರಲ್ಲಿ ನಾನು ಕೇಳಿಕೊಂಡದ್ದು ಇದನ್ನಲ್ಲ, ಕಂಠವನ್ನು. ಅದು ಅಣ್ಣನಿಗೆ ಹೋಯಿತು. ಅವನು ಗಣೇಶನ ಪೆಂಡಾಲಿನಲ್ಲಿ ಹಾಡಿ ಶಾಲು, ಹಾರ, ಹಣ್ಣಿನ ಬುಟ್ಟಿ ಹೊತ್ತು ಮನೆಗೆ ಬಂದ. ನನಗೆ ಬಂದದ್ದು, ಆ ಬುಟ್ಟಿಯ ತಳದ ಮೋಸಂಬಿ ಕೊಳೆತಿದೆಯೆಂದು ಅವನಿನ್ನೂ ಬಾಗಿಲಲ್ಲಿರುವಾಗಲೇ ಹೇಳುವ ಶಕ್ತಿ. ಹೇಳಿದೆ ಕೂಡ. ಮೋಸಂಬಿ ಕೊಳೆತಿತ್ತು. ಬೈಗುಳ ನನಗೇ ಬಿತ್ತು.

ಕಚೇರಿಯಲ್ಲಿ ಒಮ್ಮೆ ವ್ಯಕ್ತಿತ್ವ ವಿಕಸನದ ತರಬೇತಿ ಇಟ್ಟಿದ್ದರು. ಕೋಟು ತೊಟ್ಟ ಮಹಾನುಭಾವರೊಬ್ಬರು ಬಂದು, ದೇವರು ನಿಮಗೆ ಕೊಟ್ಟ ವಿಶೇಷ ಶಕ್ತಿ ಯಾವುದೋ ಅದನ್ನು ಈ ಚೀಟಿಯಲ್ಲಿ ಬರೆಯಿರಿ ಎಂದರು. ನಾನು ಪ್ರಾಮಾಣಿಕವಾಗಿ "ಮೂಗು" ಎಂದು ಬರೆದೆ. ಅವರು ಅದನ್ನು ಓದಿ, ನನ್ನ ಮುಖ ನೋಡಿ, ಮೂಗನ್ನೂ ನೋಡಿ, "ನಾಯಕತ್ವ" ಎಂದು ಬರೆದಿದ್ದವನ ಕಡೆ ತಿರುಗಿಬಿಟ್ಟರು. ಆ ನಾಯಕ ನಮ್ಮ ಸೆಕ್ಷನ್ನಿನವನೇ. ಮಧ್ಯಾಹ್ನ ಊಟದ ಡಬ್ಬಿಯ ಮುಚ್ಚಳ ತೆಗೆಯಲೂ ಇನ್ನೊಬ್ಬರ ಸಹಾಯ ಬೇಕು ಅವನಿಗೆ. ಇಂಥ ತರಬೇತಿಗಳಲ್ಲಿ ದೇವರು ಕೊಡಬಹುದಾದ ವರಗಳ ಪಟ್ಟಿ ಮೊದಲೇ ಅಚ್ಚಾಗಿ ಬಂದಿರುತ್ತದೆ, ಅದರಾಚೆಗೆ ದೇವರು ಏನಾದರೂ ಕೊಟ್ಟಿದ್ದರೆ ಅದು ದೇವರ ತಪ್ಪು.

ಮೂಗಿಗೆ ಮರ್ಯಾದೆಯೇ ಇಲ್ಲ. ಕವಿಗಳು ಕಣ್ಣಿಗೆ ಕಮಲ, ಮೀನು, ಜಿಂಕೆ ಎಲ್ಲವನ್ನೂ ಸುರಿದು, ಮೂಗಿಗೆ ಒಂದು ಸಂಪಿಗೆ ಇಟ್ಟು ಕೈತೊಳೆದುಕೊಂಡರು. ಅದೂ ಆಕಾರಕ್ಕೆ! ಆ ಸಂಪಿಗೆಯನ್ನು ಮೂಸಿ ನೋಡುವುದು ಯಾರೆಂದು ಒಬ್ಬರೂ ಯೋಚಿಸಲಿಲ್ಲ. ಬಣ್ಣದ ಪ್ರಪಂಚವನ್ನೆಲ್ಲ ಕಣ್ಣು ಮೂರೇ ಬಗೆಯ ಕೋಶಗಳಲ್ಲಿ ನಿಭಾಯಿಸುತ್ತದೆ. ಮೂಗಿನೊಳಗೆ ವಾಸನೆ ಹಿಡಿಯುವ ಗ್ರಾಹಕಗಳೇ ಸುಮಾರು 400 ಬಗೆ. ಇವುಗಳ ಗುಟ್ಟನ್ನು 1991ರಲ್ಲಿ ಬಿಡಿಸಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಬಂತು. ಮೂಗಿನ ಬಗ್ಗೆ ಬರೆದವರಿಗೆ ನೊಬೆಲ್, ಮೂಗಿದ್ದವನಿಗೆ ಹಳಸಿದ ಮೊಸರು.

ಇರಲಿ. ಚಿಕ್ಕಪ್ಪನ ಮೊಮ್ಮಗನ ಉಪನಯನದ ವಿಷಯ ಹೇಳಬೇಕು.

ದೇವರಿಗೆ ನೈವೇದ್ಯವಾಗುವ ತನಕ ಅಡುಗೆಯ ರುಚಿ ನೋಡುವಂತಿಲ್ಲ. ಉಪ್ಪು ಸರಿಯಿದೆಯೇ ಎಂಬುದು ಅಡುಗೆ ಭಟ್ಟರಿಗೂ ದೇವರಿಗೂ ಬಿಟ್ಟ ವಿಚಾರ. ಅವತ್ತಿನ ಭಟ್ಟರಿಗೆ ಸಂಶಯ ಬಂತು. ಉಪ್ಪು ಹಾಕಿದ್ದು ತಾವೋ, ತಮ್ಮ ಹುಡುಗನೋ, ಇಬ್ಬರೂನೋ, ಇಬ್ಬರೂ ಅಲ್ಲವೋ. ನನ್ನ ಕೀರ್ತಿ ಅವರ ಕಿವಿಗೂ ಬಿದ್ದಿತ್ತು. "ಕರೀರಪ್ಪ ಅವರನ್ನ" ಎಂದರು. ಮೊದಲ ಸಲ ನನ್ನನ್ನು ಬಹುವಚನದಲ್ಲಿ ಕರೆದರು ಎಂಬ ಸಂತೋಷಕ್ಕೆ ನಾನು ಪಂಚೆ ಬಿಗಿಮಾಡಿಕೊಂಡು ಹೊರಟೆ.

ಕುದಿಯುತ್ತಿದ್ದ ಹುಳಿಯ ಕೊಪ್ಪರಿಗೆಯ ಮೇಲೆ ಬಾಗಿದೆ. ಕನ್ನಡಕ ಮಂಜಾಯಿತು. ಮೊದಲು ಕರಿಬೇವು ಬಂತು, ಅದು ಯಾವಾಗಲೂ ಮುನ್ನುಗ್ಗುವ ಜಾತಿ. ಹಿಂದೆಯೇ ಹುರಿದ ಕೊತ್ತಂಬರಿ ಬೀಜ, ಮೆಂತ್ಯ, ಆಮೇಲೆ ನಿಧಾನಕ್ಕೆ ಕಾಯಿ. ಬೂದುಗುಂಬಳ ಬರಲಿಲ್ಲ. ಅಲ್ಲಿ ನನಗೆ ತಿಳಿಯಿತು. ಉಪ್ಪಿಗೆ ವಾಸನೆಯಿಲ್ಲ, ನಿಜ. ಆದರೆ ಉಪ್ಪು ಕರಗಿದ ನೀರು ಮಿಕ್ಕ ಪದಾರ್ಥಗಳ ಪರಿಮಳವನ್ನು ಒಳಗೆ ಹಿಡಿದಿಟ್ಟುಕೊಳ್ಳಲಾರದೆ ಆವಿಗೆ ತಳ್ಳುತ್ತದೆ. ಉಪ್ಪು ಕಡಿಮೆಯಾದರೆ ಮೆತ್ತನೆಯವರೆಲ್ಲ ತಳದಲ್ಲೇ ಕೂತಿರುತ್ತಾರೆ. "ಇನ್ನೊಂದು ಹಿಡಿ" ಎಂದೆ. ಭಟ್ಟರು ಹಾಕಿದರು. ಕುಂಬಳಕಾಯಿ ಎದ್ದು ಬಂತು.

ಅಷ್ಟಕ್ಕೇ ಬಂದಿದ್ದರೆ ಬದುಕಿರುತ್ತಿದ್ದೆ. ಹುಡುಗ ಅದೇ ಗಳಿಗೆಯಲ್ಲಿ ಇಂಗಿನ ಒಗ್ಗರಣೆ ತಂದು ನನ್ನ ಮೂಗಿನ ಪಕ್ಕದಲ್ಲೇ ಸುರಿದ. ಗಟ್ಟಿ ಇಂಗು, ತುಪ್ಪದ ಒಗ್ಗರಣೆ. ಕೊಪ್ಪರಿಗೆಯ ಮೇಲೆ ಸೀನಿದರೆ ಅಷ್ಟೂ ಜನರ ಊಟ ಹೋಯಿತು. ಮೂಗು ಹಿಡಿದುಕೊಂಡು ಓಡಿದೆ. ಅಡುಗೆಮನೆಯಿಂದ ಓಡಿದರೆ ಸಿಗುವುದು ಸಭಾಂಗಣ. ಅಲ್ಲಿ ಆಗಷ್ಟೇ ತಂದೆ, ಮಗನ ಮೇಲೆ ಮಡಿವಸ್ತ್ರ ಹೊದಿಸಿ ಬ್ರಹ್ಮೋಪದೇಶಕ್ಕೆ ಅಣಿಯಾಗುತ್ತಿದ್ದರು. ಸಭೆ ಸ್ತಬ್ಧ. ಪುರೋಹಿತರ ಬೆರಳು ವಾದ್ಯದವರ ಕಡೆ ಎದ್ದಿತ್ತು. ಆಗ ನಾನು ಸೀನಿದೆ.

ಒಂದೇ ಸೀನು.

ಎರಡಾಗಿದ್ದರೆ ಶುಭ. ಒಂಟಿ ಸೀನು ಏನೆಂದು ನಾನು ಹೇಳಬೇಕಿಲ್ಲ. ಪುರೋಹಿತರ ಬೆರಳು ಕೆಳಗಿಳಿಯಿತು. ಸಭೆಯೆಲ್ಲ ನನ್ನ ಕಡೆ ತಿರುಗಿತು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ನಿರೀಕ್ಷೆಯಿತ್ತು. "ಇನ್ನೊಂದು ಸೀನೋ, ಪುಣ್ಯಾತ್ಮ" ಎಂದರು ಸೋದರತ್ತೆ.

ಬೇಕೆಂದಾಗ ಸೀನು ಬರುತ್ತದೆಯೇ? ಮೂಗು ಸ್ವಚ್ಛವಾಗಿ, ಪ್ರಶಾಂತವಾಗಿ, ತನ್ನ ಕೆಲಸ ಮುಗಿಯಿತೆಂಬಂತೆ ಇತ್ತು. ಅತ್ತೆ ಸೆರಗಿನ ಅಂಚಿನ ಎಳೆ ಹೊಸೆದು ಮೂಗಿಗೆ ತೂರಿಸಿದರು. ಕಣ್ಣಲ್ಲಿ ನೀರು ಬಂತು, ಸೀನು ಬರಲಿಲ್ಲ. ಯಾರೋ ರಟ್ಟೆ ಹಿಡಿದು ಬಾಗಿಲಿಗೆ ಎಳೆದು "ಸೂರ್ಯನನ್ನು ನೋಡು" ಎಂದರು. ಬಿಸಿಲು ನೋಡಿದರೆ ಸೀನುವ ಗುಣ ನಾಲ್ಕೈದು ಜನರಲ್ಲಿ ಒಬ್ಬರಿಗೆ ಇರುತ್ತದಂತೆ. ದೇವರು ಅದನ್ನೂ ಬೇರೆ ಯಾರಿಗೋ ಕೊಟ್ಟಿದ್ದ. ವೀಡಿಯೊದವನು ವಟುವನ್ನು ಬಿಟ್ಟು ನನ್ನ ಮೇಲೆ ಲೈಟು ಬಿಟ್ಟ. "ಮುಹೂರ್ತ ಮೀರ್ತಾ ಇದೆ" ಎಂದರು ಪುರೋಹಿತರು. ವಸ್ತ್ರದೊಳಗಿನಿಂದ ಒಂದು ಬೋಳುತಲೆ ಹೊರಬಂದು "ನಾನು ಸೀನ್ಲಾ?" ಎಂದು ಕೇಳಿತು. ತಂದೆ ಅದನ್ನು ಒಳಕ್ಕೆ ಒತ್ತಿದರು.

ಕೊನೆಗೆ ಚಿಕ್ಕಪ್ಪ ನಶ್ಯದ ಡಬ್ಬಿ ತಂದರು. ಆತುರದಲ್ಲಿ ಮುಚ್ಚಳ ಕಿತ್ತದ್ದು ಫ್ಯಾನಿನ ಕೆಳಗೆ. ನಶ್ಯ ನನ್ನ ತನಕ ಬರಲೇ ಇಲ್ಲ. ನೇರವಾಗಿ ವೇದಿಕೆಗೆ ಹೋಯಿತು. ಪುರೋಹಿತರು ಸೀನಿದರು.

ಎರಡು ಮೂಗಿನ ಎರಡು ಸೀನು ಜೋಡಿಯಾಗುತ್ತದೆಯೇ? ಹಿಂದಿನ ಸಾಲಿನಲ್ಲಿ ಚರ್ಚೆ ಆರಂಭವಾಗುವುದರಲ್ಲಿತ್ತು. ಪುರೋಹಿತರು ಮೂಗೊರೆಸಿಕೊಂಡು, "ಶಾಸ್ತ್ರಕ್ಕೆ ಬೇಕಾದದ್ದು ಎರಡು ಸೀನು, ಮೂಗು ಯಾರದ್ದು ಅಂತ ಹೇಳಿಲ್ಲ. ವಾದ್ಯ!" ಎಂದರು. ಇದಕ್ಕಿಂತ ದೊಡ್ಡ ಧರ್ಮನಿರ್ಣಯವನ್ನು ನಾನು ಕಂಡಿಲ್ಲ. ಹುಳಿಗೆ ಉಪ್ಪು ಹದವಾಗಿತ್ತು. ಅದನ್ನು ಇವತ್ತಿನವರೆಗೆ ಯಾರೂ ನೆನೆಸಿಕೊಂಡಿಲ್ಲ. ಸೀನಿನ ವೀಡಿಯೊ ಮಾತ್ರ ಪ್ರತಿ ಹಬ್ಬಕ್ಕೂ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಮೇಲೆ ಬರುತ್ತದೆ.

ಇಷ್ಟೆಲ್ಲ ನಗೆಪಾಟಲಿನ ನಡುವೆ ಈಚೆಗೆ ಒಂದು ವಿಷಯ ಓದಿದೆ. ಸ್ಕಾಟ್ಲೆಂಡಿನಲ್ಲಿ ಜಾಯ್ ಮಿಲ್ನ್ ಎಂಬ ನಿವೃತ್ತ ನರ್ಸ್ ಇದ್ದಾರೆ. ಗಂಡನ ಮೈವಾಸನೆ ಬದಲಾಗಿದೆಯೆಂದು ಅವರಿಗೆ ಅನ್ನಿಸಿದ ಎಷ್ಟೋ ವರ್ಷಗಳ ಮೇಲೆ ಆತನಿಗೆ ಪಾರ್ಕಿನ್ಸನ್ ಕಾಯಿಲೆಯೆಂದು ಡಾಕ್ಟರು ಹೇಳಿದರು. ಮುಂದೆ ರೋಗಿಗಳ ಸಭೆಯೊಂದಕ್ಕೆ ಹೋದಾಗ ಅದೇ ವಾಸನೆ ಸುತ್ತಲಿನವರಿಂದಲೂ ಬಂತು. ಎಡಿನ್‌ಬರೋ ವಿಶ್ವವಿದ್ಯಾಲಯದವರು ಪರೀಕ್ಷೆ ಮಾಡಿದರು. ತೊಟ್ಟು ಬಿಟ್ಟ 12 ಟೀ ಶರ್ಟುಗಳು, ಆರು ರೋಗಿಗಳದ್ದು, ಆರು ಆರೋಗ್ಯವಂತರದ್ದು. ಆರೂ ರೋಗಿಗಳನ್ನು ಆಕೆ ಗುರುತಿಸಿದರು, ಜೊತೆಗೆ ಆರೋಗ್ಯವಂತರ ಪೈಕಿಯೂ ಒಬ್ಬನತ್ತ ಬೆರಳು ತೋರಿದರು. ಕೆಲವು ತಿಂಗಳಲ್ಲಿ ಅವನಿಗೂ ಅದೇ ಕಾಯಿಲೆಯೆಂದು ಗೊತ್ತಾಯಿತು. ನಮ್ಮ ಹಿರಿಯರು ಘ್ರಾಣೇಂದ್ರಿಯಕ್ಕೆ ಅಧಿದೇವತೆಗಳೆಂದು ಇಟ್ಟದ್ದು ಅಶ್ವಿನೀ ದೇವತೆಗಳನ್ನು. ದೇವಲೋಕದ ವೈದ್ಯರು! ಹಾಲು ಮೊಸರಿನ ಇಲಾಖೆಯೆಂದು ನಾನು ತಿಳಿದದ್ದು ಆಸ್ಪತ್ರೆಯದ್ದು.

ಅದನ್ನು ಓದಿದ ಮೇಲೆ ನೆಮ್ಮದಿ ಹೋಯಿತು. ಅಪ್ಪನಿಗೆ ಕೈ ಸ್ವಲ್ಪ ನಡುಗುತ್ತದೆ. ಕಾಫಿ ಲೋಟ ಎತ್ತುವಾಗ ಬಟ್ಟಲನ್ನೂ ಜೊತೆಗೆ ಹಿಡಿದುಕೊಳ್ಳುತ್ತಾರೆ. ವಯಸ್ಸಾಯಿತು ಎಂದು ನಾವೆಲ್ಲ ಸುಮ್ಮನಿದ್ದೇವೆ. ಒಂದು ಬೆಳಿಗ್ಗೆ ಅವರು ಕುರ್ಚಿಯ ಮೇಲೆ ಬಿಟ್ಟು ಹೋಗಿದ್ದ ಶಾಲನ್ನು ಎತ್ತಿ ಮೂಗಿಗೆ ಹಿಡಿದೆ. ಅಮೃತಾಂಜನ, ಊದುಬತ್ತಿ, ಬೀರುವಿನ ನುಸಿಗುಳಿಗೆ, ಕೊಬ್ಬರಿ ಎಣ್ಣೆ. ಅವುಗಳ ಹಿಂದೆ ಅಪ್ಪ. ಇನ್ನೂ ಹಿಂದೆ ಏನಾದರೂ ಇದೆಯೇ? ಯಾವ ವಾಸನೆಯನ್ನು ಹುಡುಕಬೇಕೆಂದೇ ನನಗೆ ಗೊತ್ತಿರಲಿಲ್ಲ. ಸಿಗಬಾರದು ಎಂದುಕೊಂಡೇ ಮತ್ತೆ ಮತ್ತೆ ಮೂಸಿದೆ. ತಲೆಯೆತ್ತಿದರೆ ಅಪ್ಪ ಬಾಗಿಲಲ್ಲಿ ನಿಂತಿದ್ದರು.

"ನಿನ್ನೆ ತಾನೇ ಒಗೆಸಿದ್ದು ಕಣೋ, ಏನು ಅಷ್ಟು ಮೂಸ್ತೀಯ" ಎಂದರು. "ಒಲೆ ಮೇಲೆ ಹಾಲು ಸೀದು ಮನೆಯೆಲ್ಲ ಹೊಗೆ. ಅದು ಗೊತ್ತಾಗ್ಲಿಲ್ವಾ ನಿನಗೆ?"