ಅಲಮೇಲುವನ್ನು ಯಾರು ಕೇಳಿದರು?

ಆಚೆಮನೆ ಅಕ್ಕನಿಗೂ ನನಗೂ ನಡುವೆ ಎದೆಮಟ್ಟದ ಕಾಂಪೌಂಡು. ಕಟ್ಟಿಸಿದ್ದು ಜಾಗ ಬೇರೆ ಮಾಡೋಕೆ, ಬಳಕೆಯಾಗುತ್ತಿರುವುದು ಮೊಣಕೈ ಊರೋಕೆ. ಟೀವಿಯಲ್ಲಿ ‘ನಾಗರಹಾವು’ ಬಂತೆಂದರೆ ಮಾರನೇ ದಿನ ಎರಡೂ ಮನೆಯಲ್ಲಿ ತಿಂಡಿ ತಡ.

“ರಾಮಾಚಾರಿ ಪಾಪ ಕಣ್ರೀ!” ಎಂದರು ಅಕ್ಕ.

1972ರಲ್ಲಿ ಚಿತ್ರ ತೆರೆಗೆ ಬಂದಾಗಿನಿಂದ ಇಡೀ ಕರ್ನಾಟಕ ಹೇಳುತ್ತಿರುವುದೂ ಇದನ್ನೇ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲ್ ತೆಗೆದ ಚಿತ್ರ. ರಾಮಾಚಾರಿಯ ಪಾತ್ರ ಕೊಟ್ಟು ವಿಷ್ಣುವರ್ಧನ್ ಅವರನ್ನು ನಾಯಕನನ್ನಾಗಿ ಮಾಡಿದ್ದೂ ಇದೇ, ಜಲೀಲನ ವೇಷದಲ್ಲಿ ಅಂಬರೀಷ್ ಮೊದಲ ಸಲ ಕಾಣಿಸಿಕೊಂಡಿದ್ದೂ ಇದರಲ್ಲೇ.

“ಆದರೆ ತ.ರಾ.ಸು.ಗೆ ಹಿಡಿಸಲಿಲ್ಲವಂತೆ. ನಾಗರಹಾವನ್ನು ಕೇರೆಹಾವು ಮಾಡಿಬಿಟ್ರು ಅಂದಿದ್ರಂತೆ!”

“ಹಾವಿನ ಮಾತು ಬಿಡಿ ಅಕ್ಕಾ. ಪ್ರೇಮಿಗಳನ್ನು ಅಗಲಿಸೋಕೆ ಬೇರೆ ಸಿನಿಮಾದಲ್ಲಿ ಮೀಸೆ ತಿರುವೋ ಅಪ್ಪ ಬೇಕು, ಕೋವಿ ಬೇಕು. ಇಲ್ಲಿ ಪೇಟ ಸುತ್ತಿದ ಚಾಮಯ್ಯ ಮೇಷ್ಟ್ರು ಸಾಕು. ಅಲಮೇಲುವನ್ನು ಮರೆತುಬಿಡು ಅಂದ್ರು, ರಾಮಾಚಾರಿ ತಲೆಬಾಗಿದ.”

“ಅದಕ್ಕೇ ಗುರುಭಕ್ತಿ ಅನ್ನೋದು!” ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು. ಮೇಷ್ಟ್ರ ಪಾತ್ರ ಮಾಡಿದ ಅಶ್ವತ್ಥರ ಹೆಸರೆತ್ತಿದರೆ ಅವರಿಗೆ ಕಣ್ಣೀರು ಗ್ಯಾರಂಟಿ.

“ಬಿಟ್ಟುಕೊಟ್ಟವನು ತ್ಯಾಗಿ, ಬಿಡಿಸಿದವರು ಗುರು. ಸರಿ, ಅಲಮೇಲು ಏನು?”

ಅಕ್ಕ ಸುಮ್ಮನಾದರು. ನನಗೆ ಅಷ್ಟೇ ಬೇಕಿತ್ತು. ಜಲೀಲನ ಕಾಟ ತಪ್ಪಿಸಿದರೆ ತಂಗಿಯನ್ನು ನಿನಗೇ ಕೊಡ್ತೀನಿ ಅಂತ ಅಲಮೇಲುವಿನ ಒಡಹುಟ್ಟಿದ ವರದ ರಾಮಾಚಾರಿಗೆ ಮಾತು ಕೊಟ್ಟ, ಕೆಲಸ ಮುಗಿದ ಮೇಲೆ ಅವನೇ ಮಾತು ತಪ್ಪಿದ. ಮೇಷ್ಟ್ರು ರಾಮಾಚಾರಿಯನ್ನು ಒಪ್ಪಿಸಿದರು. ಮನೆಯವರು ಬೇರೆ ವರನನ್ನು ಒಪ್ಪಿಕೊಂಡರು. ಇಷ್ಟು ಜನರ ಒಪ್ಪಿಗೆಯಲ್ಲಿ ಮದುವೆಯಾಗುವವಳ ಒಪ್ಪಿಗೆಯೊಂದೇ ಲೆಕ್ಕಕ್ಕಿಲ್ಲ.

“ಪಾಪ, ಆಕೆಯೂ ಅತ್ತಳಲ್ಲ?”

“ಅಳೋಕೆ ಬಿಟ್ಟರು ಅಕ್ಕಾ, ಮಾತಾಡೋಕೆ ಬಿಟ್ಟರಾ?”

ಇದೆಲ್ಲ ನಡೆಯುವುದು ಯಾವ ಊರಲ್ಲಿ ಹೇಳಿ? ಚಿತ್ರದುರ್ಗದಲ್ಲಿ. ಹೈದರಾಲಿಯ ಸೈನಿಕರು ಕೋಟೆಯ ಕಿಂಡಿಯಲ್ಲಿ ನುಸುಳಿದಾಗ ಒನಕೆ ಹಿಡಿದು ನಿಂತ ಓಬವ್ವನ ಊರಲ್ಲಿ. ಜಯಂತಿ ಓಬವ್ವನಾಗಿ ಹಾಡಿನಲ್ಲಿ ಅಬ್ಬರಿಸುವುದೂ ಇದೇ ಚಿತ್ರದಲ್ಲಿ. ಆ ಹಾಡಿಗೆ ಮೈಯೆಲ್ಲ ರೋಮಾಂಚನ ಮಾಡಿಕೊಂಡ ನಾವೇ, ಅದೇ ಊರಿನ ಇನ್ನೊಬ್ಬ ಹುಡುಗಿಗೆ ಬಾಯಿಲ್ಲದಿದ್ದರೆ “ಎಷ್ಟು ಒಳ್ಳೇ ಹುಡುಗಿ” ಅಂತೀವಿ.

ಪುಟ್ಟಣ್ಣನವರಿಗೆ ಇದು ಹೊಳೆದಿರಲಿಲ್ಲ ಅನ್ನಬೇಡಿ. ಹೆಣ್ಣಿನ ಸಂಕಟವನ್ನೇ ಹೇಳುವ ‘ಗೆಜ್ಜೆಪೂಜೆ’, ‘ಶರಪಂಜರ’ ತೆಗೆದು ಬಂದಿದ್ದ ಮನುಷ್ಯ. ಅದಕ್ಕೇ ಮದುವೆಯಾಗಿ ಹೋದ ಅಲಮೇಲುವನ್ನು ರಾಮಾಚಾರಿಯ ಎದುರಿಗೆ ಮತ್ತೆ ತಂದು ನಿಲ್ಲಿಸಿದರು, ಗಂಡನೇ ಮಾರಿಕೊಂಡ ಹೆಂಗಸಾಗಿ. ಹಿರಿಯರು ಹುಡುಕಿದ ಒಳ್ಳೇ ಸಂಬಂಧ ತಲುಪಿದ್ದು ಅಲ್ಲಿಗೆ. ನಂತರ ರಾಮಾಚಾರಿ ಪ್ರೀತಿಸಿದ ಮಾರ್ಗರೆಟ್ ವಿಷಯದಲ್ಲೂ ಮೇಷ್ಟ್ರು ಬುದ್ಧಿ ಹೇಳೋಕೆ ಬಂದಾಗ ಶಿಷ್ಯ ತಲೆಬಾಗುವುದಿಲ್ಲ. ಅದರ ಬೆಲೆಯನ್ನು ಬೆಟ್ಟದ ತುದಿಯಲ್ಲಿ ಮೂರೂ ಜನ ತೆರುತ್ತಾರೆ. ನಿರ್ದೇಶಕರು ಪ್ರಶ್ನೆ ಕೇಳಿಯೇ ಹೋದರು. ನಾವು ಮಾತ್ರ ರಾಮಾಚಾರಿಗೆ ಅಳುವ ಭರದಲ್ಲಿ ಕೇಳಿಸಿಕೊಳ್ಳಲಿಲ್ಲ.

“ನೀವು ಹೇಳೋದೂ ನಿಜ ಅನ್ನಿ,” ಎಂದರು ಅಕ್ಕ. ಆಮೇಲೆ ದನಿ ತಗ್ಗಿಸಿ, “ಅಂದಹಾಗೆ ನಮ್ಮ ತಮ್ಮನ ಮಗಳಿಗೆ ಒಂದು ಸಂಬಂಧ ಬಂದಿದೆ. ಒಳ್ಳೇ ಮನೆತನ, ಹುಡುಗ ಇಂಜಿನಿಯರ್ರು. ಎಲ್ಲರಿಗೂ ಒಪ್ಪಿಗೆ!”

“ಹುಡುಗಿ ಏನಂತಾಳೆ?”

“ಅವಳನ್ನೇನು ಕೇಳೋದು ಬಿಡಿ, ನಮ್ಮ ಮಾತು...” ಎಂದವರು ನಾಲಿಗೆ ಕಚ್ಚಿಕೊಂಡು, ಒಲೆ ಮೇಲೆ ಹಾಲಿಟ್ಟಿದ್ದೀನಿ ಅಂತ ಒಳಗೆ ಓಡಿದರು.

ನಿಮ್ಮ ಮನೆಯಲ್ಲೂ ಇಂಥ ಮಾತುಕತೆ ನಡೆಯುತ್ತಿದ್ದರೆ ಜಾತಕ ಆಮೇಲೆ ನೋಡಿ, ಮೇಷ್ಟ್ರನ್ನು ಕೊನೆಗೆ ಕೇಳಿ. ಮೊದಲು ಅಲಮೇಲುವನ್ನು ಕೇಳಿ.