ಕಾಣೆನ್ ಮತ್ತು ನೀಕಾಣ್: ಪಡುವಣ ತಾಲೂಕುಗಳ ಎರಡು ಕ್ಯಾಮೆರಾ ಪ್ರತಿಗಳ ಗ್ರಂಥಸಂಪಾದನೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಶಾಸನಗಳನ್ನು ವಿದ್ವಾಂಸರು ಓದಿದ್ದಾರೆ, ವೀರಗಲ್ಲುಗಳನ್ನು ಎಣಿಸಿದ್ದಾರೆ, ಬಾಗಳಿ ಕಲ್ಲೇಶ್ವರನ ಗುಡಿಯ ಕಂಬಗಳಿಗೆ ಟೇಪು ಹಿಡಿದಿದ್ದಾರೆ. ಆದರೆ ಇದೇ ಸೀಮೆಯ ನಮ್ಮ ಮನೆತನದ ಮದುವೆ, ಜವಳ, ತೇರು, ಗೃಹಪ್ರವೇಶಗಳನ್ನು ಹತ್ತು ವರ್ಷ ಬಿಡದೆ ದಾಖಲಿಸಿದ ಎರಡು ಆಕರಗಳ ಬಗ್ಗೆ ಯಾರೂ ಒಂದು ಸಾಲು ಬರೆದಿಲ್ಲ. ಈ ಕೊರತೆ ತುಂಬುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ಬೀಚಿ ಹುಟ್ಟಿದ ಹರಪನಹಳ್ಳಿಯಲ್ಲಿ ಕೂತು ಗಂಭೀರವಾಗಿ ಬರೆಯುವುದು ಕಷ್ಟವೆಂಬುದನ್ನು ಮೊದಲೇ ಒಪ್ಪಿಕೊಂಡು ಮುಂದುವರಿಯುತ್ತೇನೆ.

ಪ್ರತಿಗಳ ವಿವರ

‘ಕ’ ಪ್ರತಿ: ಕ್ಯಾನನ್ 1100ಡಿ. 2011ರ ಫೆಬ್ರುವರಿಯಲ್ಲಿ ಲೋಕಕ್ಕೆ ಪ್ರಕಟವಾದದ್ದು. ಈಗ ಕೊಟ್ಟೂರಿನಲ್ಲಿ ನನ್ನ ಸೋದರತ್ತೆಯ ಮಗನ ಸ್ವಾಧೀನದಲ್ಲಿದೆ. ಸುಸ್ಥಿತಿ, ಹಿಡಿಕೆಯ ರಬ್ಬರು ಮಾತ್ರ ಫೆವಿಕ್ವಿಕ್ ಬಲದಿಂದ ನಿಂತಿದೆ. ಇದೇ ಪ್ರತಿಗೆ ಅಮೆರಿಕದಲ್ಲಿ ‘ರೆಬೆಲ್ ಟಿ3’ ಎಂದೂ ಜಪಾನಿನಲ್ಲಿ ‘ಕಿಸ್ ಎಕ್ಸ್50’ ಎಂದೂ ಹೆಸರು. ಅಂದರೆ ಅಮೆರಿಕದಲ್ಲಿ ಬಂಡಾಯ, ಜಪಾನಿನಲ್ಲಿ ಶೃಂಗಾರ, ಕೊಟ್ಟೂರಿನಲ್ಲಿ ಬರೀ ನಂಬರು. ಜಪಾನಿ ಹೆಸರನ್ನು ಅತ್ತೆಯ ಮುಂದೆ ಹೇಳಬಾರದೆಂದು ಆಕರದ ಒಡೆಯ ಕೈಮುಗಿದಿದ್ದಾನೆ.

‘ನಿ’ ಪ್ರತಿ: ನಿಕಾನ್ ಡಿ3100. 2010ರ ಆಗಸ್ಟಿನಲ್ಲಿ ಪ್ರಕಟ. ನಾನು ಸೆಕೆಂಡ್ ಹ್ಯಾಂಡ್ ಕೊಂಡದ್ದು. ಬ್ಯಾಟರಿ ಸೇರಿ 505 ಗ್ರಾಂ. ‘ಕ’ ಪ್ರತಿ 495 ಗ್ರಾಂ. ಈ ಹತ್ತು ಗ್ರಾಮಿನ ಅಂತರವನ್ನು ಕೊಟ್ಟೂರಿನ ಅಂಗಡಿಯೊಂದರ ಬೆಂಚಿನ ಮೇಲೆ ಮಂಡಕ್ಕಿಯಲ್ಲಿ ಅಳೆಯಲಾಗಿ ಒಂದೆರಡು ಹಿಡಿ ಬಂತು. ಪ್ರಯೋಗದ ಸಾಮಗ್ರಿಯನ್ನು ಕೂಡಲೇ ಮಿರ್ಚಿಯ ಜೊತೆ ವಿಲೇವಾರಿ ಮಾಡಲಾಯಿತು. ‘ನಿ’ ಪ್ರತಿಯ ಶಟರ್ ಗುಂಡಿಯ ಮೇಲಿನ ಎಣ್ಣೆಯ ಜಿಡ್ಡು ಆ ದಿನದ್ದು, ಮೂಲದಲ್ಲಿಲ್ಲದ್ದು, ಪ್ರಕ್ಷಿಪ್ತ.

ಪಿಕ್ಸೆಲ್ಲಿನ ಲೆಕ್ಕಕ್ಕೆ ಬಂದರೆ ‘ಕ’ 1.22 ಕೋಟಿ, ‘ನಿ’ 1.42 ಕೋಟಿ. ಇಪ್ಪತ್ತು ಲಕ್ಷ ಹೆಚ್ಚು ಎಂದು ನಾನು ಹಲವು ವರ್ಷ ಮೀಸೆ ತಿರುವಿದೆ. ಅಡ್ಡಕ್ಕೆ ಎಣಿಸಿದರೆ 4272ಕ್ಕೆ ಎದುರಾಗಿ 4608, ಅಂದರೆ 336 ಚುಕ್ಕಿ ಹೆಚ್ಚು. ಅಂಗುಲಕ್ಕೆ 300 ಚುಕ್ಕಿಯಂತೆ ಆಲ್ಬಮ್ಮಿಗೆ ಪ್ರಿಂಟ್ ಹಾಕಿಸಿದರೆ ಒಂದಂಗುಲಕ್ಕಿಂತ ಒಂದು ಕೂದಲು ಜಾಸ್ತಿ. ಗ್ರೂಪ್ ಫೋಟೋದ ತುದಿಯಲ್ಲಿ ಆ ಒಂದಂಗುಲಕ್ಕೆ ಒಬ್ಬ ಬೀಗರು ಹಿಡಿಸುತ್ತಾರೆ, ಅದೂ ಭುಜ ಓರೆ ಮಾಡಿ ನಿಂತರೆ.

ನಿರುಕ್ತ

‘ಕ್ಯಾನನ್’ ಎಂಬುದು ಹಳಗನ್ನಡದ ‘ಕಾಣೆನ್’ ಎಂಬ ರೂಪದ ಅಪಭ್ರಂಶ. ಅರ್ಥ: ನನಗೆ ಕಾಣುವುದಿಲ್ಲ. ‘ನಿಕಾನ್’ ಎಂಬುದು ‘ನೀ ಕಾಣ್’ ಎಂಬುದರಿಂದ ಬಂದದ್ದು. ಅರ್ಥ: ನೀನೇ ನೋಡಿಕೋ. ಒಂದು ತನ್ನ ಕುರುಡನ್ನು ಒಪ್ಪಿಕೊಳ್ಳುತ್ತದೆ, ಇನ್ನೊಂದು ಹೊಣೆಯನ್ನು ನಮ್ಮ ತಲೆಗೆ ಕಟ್ಟುತ್ತದೆ. ಎರಡೂ ಮನೆತನದ ಸ್ವಭಾವ ಇಷ್ಟರಲ್ಲೇ ಇದೆ.

ಜಪಾನಿನ ಪರಂಪರೆ ಬೇರೆ ಹೇಳುತ್ತದೆ. 1934ರಲ್ಲಿ ಅಲ್ಲಿ ಮಾಡಿದ ಮೊದಲ ಮಾದರಿಗೆ ಕರುಣೆಯ ದೇವತೆಯ ಹೆಸರು ಕೊಟ್ಟು ‘ಕ್ವಾನನ್’ ಎಂದರಂತೆ. ಸಾವಿರ ಕೈಗಳ ಆ ದೇವತೆಯೇ ಲಾಂಛನ. ಆ ದೇವತೆ ಮೂಲತಃ ನಮ್ಮ ಅವಲೋಕಿತೇಶ್ವರ. ಅವಲೋಕನ ಎಂದರೆ ನೋಡುವುದೇ. ಹೀಗಾಗಿ ಎಲ್ಲಿಂದ ಹೊರಟರೂ ಮಾತು ಕಣ್ಣಿಗೇ ಬಂದು ನಿಲ್ಲುತ್ತದೆ. ನಿಕಾನ್ ಮಾತ್ರ 1917ರಲ್ಲಿ ಹುಟ್ಟಿದ ‘ನಿಪ್ಪಾನ್ ಕೊಗಾಕು’ ಎಂಬ ಕಂಪನಿ ಹೆಸರಿನ ಮೊಟಕು. ನಮ್ಮಲ್ಲಿ ಹಗರಿಬೊಮ್ಮನಹಳ್ಳಿ ‘ಎಚ್‌.ಬಿ. ಹಳ್ಳಿ’ ಆದ ಹಾಗೆ.

ಇಲ್ಲಿ ಒಂದು ಸಂಗತಿ ಹೇಳಲೇಬೇಕು. 1930ರ ದಶಕದಲ್ಲಿ ಕ್ಯಾನನ್‌ನವರು ಮಾರಿದ ಮೊದಲ ಕ್ಯಾಮೆರಾ ‘ಹನ್ಸಾ ಕ್ಯಾನನ್’ಗೆ ಲೆನ್ಸು ಮಾಡಿಕೊಟ್ಟದ್ದು ಇದೇ ನಿಪ್ಪಾನ್ ಕೊಗಾಕು. ಬಾಡಿ ಇವರದು, ಕಣ್ಣು ಅವರದು. ಆಮೇಲೆ ಪಾಲಾದರು. ಪಾಲಾದ ಅಣ್ಣತಮ್ಮಂದಿರ ಮನೆಯಲ್ಲಿ ನಡುಗೋಡೆಗಾಗಿ ನಡೆಯುವ ಜಗಳವನ್ನು ನಾನೂ ನನ್ನ ಅತ್ತೆಯ ಮಗನೂ ಏನೂ ಗೊತ್ತಿಲ್ಲದೆ ಹತ್ತು ವರ್ಷ ಆಡಿದೆವು.

ಪ್ರದಕ್ಷಿಣ ವಿಚಾರ

ಎರಡಕ್ಕೂ ಇರುವ ನಿಜವಾದ ಭೇದ ತಾತ್ವಿಕವಾದದ್ದು. ಕ್ಯಾಮೆರಾದ ಮುಖ ನೋಡುತ್ತ ನಿಂತು ಲೆನ್ಸು ಕೂರಿಸುವಾಗ ಕ್ಯಾನನ್ನಿನದನ್ನು ಬಲಕ್ಕೆ, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಬೇಕು. ನಿಕಾನ್ ಅದಕ್ಕೆ ತದ್ವಿರುದ್ಧ. ನಾನು ಒಮ್ಮೆ ದೇವರ ಕೋಣೆಯ ಮುಂದೆ ಲೆನ್ಸು ಹಾಕುವುದನ್ನು ಕಂಡ ಅತ್ತೆ, “ಅಪ್ರದಕ್ಷಿಣಿ ಮಾಡಬ್ಯಾಡಪ್ಪ, ಹೊರಗ ಹೋಗಿ ತಿರುವು” ಎಂದರು. ಬಿಚ್ಚುವಾಗ ಕ್ಯಾನನ್ನೇ ಅಪ್ರದಕ್ಷಿಣೆ ಆಗುತ್ತದೆಂಬ ನನ್ನ ವಾದವನ್ನು ಆಕೆ ಗಣಿಸಲಿಲ್ಲ. “ಅವ ಬಿಚ್ಚೋದಿಲ್ಲಲ್ಲ” ಎಂದರು. ನಿಜ. ಅವನ ಹತ್ತಿರ ಇದ್ದದ್ದೇ ಒಂದು ಲೆನ್ಸು.

ಎರಡು ಮನೆಗಳ ನಡುವೆ ಹೆಣ್ಣು ಕೊಟ್ಟು ತರುವ ರೂಢಿಯೂ ವಿಚಿತ್ರ. ಲೆನ್ಸು ಕೂರುವ ಬಳೆಯಿಂದ ಹಿಂದಿನ ಸೆನ್ಸರಿನವರೆಗೆ ಕ್ಯಾನನ್ನಿನಲ್ಲಿ 44 ಮಿಲಿಮೀಟರ್, ನಿಕಾನಿನಲ್ಲಿ 46.5. ನಡುವಿನ ಎರಡೂವರೆ ಮಿಲಿಮೀಟರಿಗೆ ಒಂದು ಉಂಗುರ ತೊಡಿಸಿದರೆ ನಿಕಾನ್ ಲೆನ್ಸು ಕ್ಯಾನನ್ ಮನೆಗೆ ಸೊಸೆಯಾಗಿ ಹೋಗಬಹುದು. ಆದರೆ ಕ್ಯಾನನ್ ಲೆನ್ಸು ಈ ಕಡೆ ಬಂದರೆ ದೂರದ್ದೇನೂ ಅದಕ್ಕೆ ಕಾಣದು. ಮೂಗಿನ ತುದಿಯಷ್ಟೇ ಅದರ ಪ್ರಪಂಚ. ಹೋದ ಸೊಸೆಯದೂ ಸುಖವಲ್ಲ. ಅಗ್ಗದ ಉಂಗುರದಲ್ಲಿ ಆಟೋಫೋಕಸ್ ಸಂಪರ್ಕ ಇರುವುದಿಲ್ಲ. ಆಕೆ ಮನೆಯಲ್ಲಿ ಇರುತ್ತಾಳೆ, ಮಾತಾಡುವುದಿಲ್ಲ.

ಸ್ವಂತ ಮನೆಯ ಹೆಣ್ಣೂ ಮಾತಾಡದಿರುವ ಸಂದರ್ಭ ಉಂಟು. ಡಿ3100ರ ಬಾಡಿಯೊಳಗೆ ಫೋಕಸ್ ತಿರುಗಿಸುವ ಮೋಟರ್ ಇಲ್ಲ. ಲೆನ್ಸಿನೊಳಗೇ ಮೋಟರ್ ಇರಬೇಕು. ಇದು ತಿಳಿಯದೆ ಹಳೆಯ ಮಾದರಿಯ 50 ಎಂಎಂ ಡಿ ಲೆನ್ಸನ್ನು ಅಗ್ಗ ಎಂದು ತಂದೆ. ತಂಗಿಯ ಮದುವೆಯಲ್ಲಿ ಗಟ್ಟಿಮೇಳ ಶುರುವಾಯಿತು, ನಾನು ಗುಂಡಿ ಅರ್ಧ ಒತ್ತಿ ಕಾದೆ. ಲೆನ್ಸು ಅಲ್ಲಾಡಲಿಲ್ಲ. ಕೈಯಿಂದ ತಿರುಗಿಸಿ ಫೋಕಸ್ ಹಿಡಿಯುವಷ್ಟರಲ್ಲಿ ತಾಳಿ ಬಿದ್ದು, ಅಕ್ಷತೆ ಬಿದ್ದು, ಜನ ಊಟದ ಪಂಕ್ತಿಯ ಕಡೆ ತಿರುಗಿದ್ದರು. ‘ನಿ’ ಪ್ರತಿಯ ಮಾಂಗಲ್ಯಧಾರಣ ಪ್ರಕರಣದಲ್ಲಿ ಸ್ಪಷ್ಟವಾಗಿ ಓದಲು ಸಿಗುವುದು ಪುರೋಹಿತರ ಕಿವಿ ಒಂದೇ.

ಪಾಠಾಂತರ

ಅದೇ ಮದುವೆಯ ಅತ್ತೆಯ ಸೀರೆ ‘ಕ’ ಪ್ರತಿಯಲ್ಲಿ ಕುಂಕುಮದ ಕೆಂಪು, ‘ನಿ’ ಪ್ರತಿಯಲ್ಲಿ ಇಟ್ಟಿಗೆಯ ಬಣ್ಣ. ಕ್ಯಾನನ್ ಮುಖಕ್ಕೆ ಕೆಂಪೇರಿಸುತ್ತದೆ, ನಿಕಾನ್ ಅರಿಶಿನ ಬಳಿಯುತ್ತದೆ ಎಂಬುದು ಸ್ಟುಡಿಯೋ ಸಂಪ್ರದಾಯದ ನಂಬಿಕೆ. ಯಾವ ಪಾಠ ಗ್ರಾಹ್ಯ ಎಂಬುದಕ್ಕೆ ಎರಡು ತಿಂಗಳು ವಾದ ನಡೆಯಿತು. ಕೊನೆಗೆ ಅತ್ತೆ ಟ್ರಂಕು ತೆಗೆದು ಮೂಲವನ್ನೇ ತಂದು ಚಾಪೆಯ ಮೇಲೆ ಹಾಸಿದರು. ನೇರಳೆ. ಗ್ರಂಥಸಂಪಾದನೆಯಲ್ಲಿ ಮೂಲಪ್ರತಿ ಸಿಗುವುದು ಎಷ್ಟು ಅಪಾಯಕಾರಿ ಎಂಬುದನ್ನು ಯಾವ ಪಠ್ಯಪುಸ್ತಕವೂ ಎಚ್ಚರಿಸುವುದಿಲ್ಲ.

ಕೂಡ್ಲಿಗಿ ತಾಲೂಕಿನ ಗುಡೇಕೋಟೆ ಕರಡಿಧಾಮದ ಹತ್ತಿರ ಸಂಜೆ ಹೊತ್ತು ತೆಗೆದ ಒಂದೊಂದು ಚಿತ್ರವಿದೆ. ‘ಕ’ ಪ್ರತಿಯಲ್ಲಿ ಕರಡಿ. ‘ನಿ’ ಪ್ರತಿಯಲ್ಲಿ ಬಂಡೆ. ಮಾರನೆ ಬೆಳಿಗ್ಗೆ ಹೋಗಿ ನೋಡಿದೆವು, ಕರಡಿ ಅಲ್ಲೇ ಇತ್ತು. ಅದರ ಮೇಲೆ ಯಾರೋ ಸುಣ್ಣದಲ್ಲಿ ಬಾಣದ ಗುರುತು ಹಾಕಿದ್ದರು.

ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ನಾವು ಅದಕ್ಕಿಂತ ಮೊದಲೇ ಅಲ್ಲಿ 18-55 ಲೆನ್ಸು ಹಿಡಿದು ಹಕ್ಕಿ ಹೊಡೆಯಲು ಹೋದ ಮಹಾನುಭಾವರು. ಸೆನ್ಸರ್ ಚಿಕ್ಕದಾದ್ದರಿಂದ ಕ್ಯಾನನ್ನಿನಲ್ಲಿ 55 ಎಂಬುದು ಹಳೆಯ ರೀಲಿನ ಲೆಕ್ಕದಲ್ಲಿ 88ರಂತೆ, ನಿಕಾನಿನಲ್ಲಿ 82.5ರಂತೆ ಕಾಣುತ್ತದೆ. ಈ ಐದೂವರೆ ಮಿಲಿಮೀಟರಿನ ಫಲವಾಗಿ ‘ನಿ’ ಪ್ರತಿಯ ಬಣ್ಣದ ಕೊಕ್ಕರೆ ಸಾಸಿವೆಯಷ್ಟಿದ್ದರೆ ‘ಕ’ ಪ್ರತಿಯದು ಚೆನ್ನಾಗಿ ನೆನೆದ ಸಾಸಿವೆಯಷ್ಟಿದೆ.

ನಮ್ಮ ಕಡೆ ಒಂದು ಮಾತಿದೆ: ಹಂಪಿ ಹೊರಗ ನೋಡು, ಉಜ್ಜಿನಿ ಒಳಗ ನೋಡು. ಶಿಲ್ಪದ ಬಗ್ಗೆ ಹುಟ್ಟಿದ ಈ ಮಾತಿಗಿಂತ ಒಳ್ಳೆಯ ಕ್ಯಾಮೆರಾ ಪರೀಕ್ಷೆಯನ್ನು ಯಾವ ಪ್ರಯೋಗಾಲಯವೂ ಕಂಡುಹಿಡಿದಿಲ್ಲ. ಹೊರಗಿನ ಬಿಸಿಲಿನಲ್ಲಿ ಎಂಥ ಡಬ್ಬಿಯೂ ಚಿತ್ರ ಕೊಡುತ್ತದೆ. ಯೋಗ್ಯತೆ ಗೊತ್ತಾಗುವುದು ಉಜ್ಜಿನಿಯ ಮರುಳಸಿದ್ಧೇಶ್ವರನ ಗುಡಿಯೊಳಗೆ. ಅಪ್ಪಣೆ ಕೇಳಿ, ಫ್ಲ್ಯಾಶ್ ಮುಚ್ಚಿ, ಕಂಬಕ್ಕೆ ಬೆನ್ನು ಕೊಟ್ಟು, ಉಸಿರು ಹಿಡಿದು ಇಬ್ಬರೂ ಚಾವಣಿಯ ಕೆತ್ತನೆಗೆ ಗುರಿಯಿಟ್ಟೆವು. ಐಎಸ್ಒ 1600ರವರೆಗೆ ಎರಡೂ ಮರ್ಯಾದಸ್ತರು. 3200ಕ್ಕೆ ಎರಡರ ನೆರಳಲ್ಲೂ ಚಿರೋಟಿ ರವೆ ಉದುರಿತು. ‘ಕ’ ಪ್ರತಿ 6400ಕ್ಕೆ ಹೋಗುತ್ತದೆ, ಅಲ್ಲಿ ಬನ್ಸಿ ರವೆ. ‘ನಿ’ ಪ್ರತಿ 3200ರ ಮೇಲೆ ಅಂಕಿ ಹೇಳಲು ನಾಚಿ ‘ಹೈ 1’, ‘ಹೈ 2’ ಎನ್ನುತ್ತದೆ. ‘ಹೈ 2’ ಎಂದರೆ 12800. ಅಲ್ಲಿ ಉಪ್ಪಿಟ್ಟೇ ತಯಾರು, ಒಗ್ಗರಣೆ ಒಂದು ಬಾಕಿ.

ಕಾಲನಿರ್ಣಯ

ಎರಡೂ ಪ್ರತಿಗಳಲ್ಲಿ ಕಾಲದ ಗೊಂದಲ ವಿಪರೀತ. ಒಂದರ ಫೈಲುಗಳು ‘ಐಎಂಜಿ’ ಎಂದೂ ಇನ್ನೊಂದರವು ‘ಡಿಎಸ್‌ಸಿ’ ಎಂದೂ ಆರಂಭವಾಗಿ 9999 ಮುಟ್ಟಿದ ಮೇಲೆ ಮತ್ತೆ 0001ರಿಂದ ಹೊಸ ಯುಗ ಶುರು ಮಾಡುತ್ತವೆ. ಬ್ಯಾಟರಿ ತೆಗೆದು ತಿಂಗಳುಗಟ್ಟಲೆ ಇಟ್ಟರೆ ‘ನಿ’ ಪ್ರತಿಗೆ ದಿನಾಂಕ ಮರೆತುಹೋಗುತ್ತದೆ. ಅದರ ಪ್ರಕಾರ ನನ್ನ ತಂಗಿಯ ಮಗನ ಜವಳ ಅವನು ಹುಟ್ಟುವ ಮೊದಲೇ ಆಗಿದೆ. ಕೂದಲೂ ಸಾಕಷ್ಟಿತ್ತು.

ಇದಕ್ಕೆ ನಾನು ಕಂಡುಕೊಂಡ ವಿಧಾನ ಮುಂದಿನ ಸಂಶೋಧಕರಿಗೆ ಉಪಯೋಗವಾದೀತು. ಹರಪನಹಳ್ಳಿ 1997ರಲ್ಲಿ ಬಳ್ಳಾರಿ ಬಿಟ್ಟು ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ವಾಪಸ್ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಊರು ನಿಂತಲ್ಲೇ ನಿಂತಿದೆ, ಬೋರ್ಡು ಮಾತ್ರ ನಡೆದಿದೆ. ಆದ್ದರಿಂದ ಚಿತ್ರದಲ್ಲಿರುವ ಮನುಷ್ಯರನ್ನು ಬಿಟ್ಟು ಹಿಂದಿನ ಅಂಗಡಿಯ ಬೋರ್ಡು ಓದಬೇಕು. ‘ದಾವಣಗೆರೆ ಜಿಲ್ಲೆ’ ಎಂದಿದ್ದರೆ ಹಳೆಯದು, ‘ವಿಜಯನಗರ’ ಎಂದಿದ್ದರೆ ಈಚಿನದು. ‘ದಾವಣಗೆರೆ’ಯ ಮೇಲೆ ಬಣ್ಣ ಬಳಿದು ಏನೂ ಬರೆಯದೆ ಬಿಟ್ಟಿದ್ದರೆ ಪೇಂಟರು ಇನ್ನೊಂದು ಆದೇಶಕ್ಕೆ ಕಾಯುತ್ತಿದ್ದ ಸಂಧಿಕಾಲ. ಇದಕ್ಕೆ ಬೋರ್ಡು ಫೋಕಸ್‌ನಲ್ಲಿರಬೇಕು. ನನ್ನ ಚಿತ್ರಗಳಲ್ಲಿ ಸಾಮಾನ್ಯವಾಗಿ ಬೋರ್ಡೇ ಫೋಕಸ್‌ನಲ್ಲಿರುತ್ತದೆ, ಮುಂದೆ ನಿಂತವರಲ್ಲ.

ಲುಪ್ತಭಾಗ

ಉಳಿದದ್ದು ಮೈಲಾರದ ಕಾರ್ಣಿಕ. ಹಡಗಲಿ ತಾಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಡೆಂಕನಮರಡಿಯಲ್ಲಿ ಲಕ್ಷಗಟ್ಟಲೆ ಜನ. ಉಪವಾಸ ಮಾಡಿದ ಗೊರವಯ್ಯ ಎತ್ತರದ ಬಿಲ್ಲನ್ನೇರಿ “ಸದ್ದಲೇ!” ಎಂದರೆ ಅಷ್ಟು ಜನ ಒಮ್ಮೆಗೇ ಸುಮ್ಮನಾಗುತ್ತಾರೆ. ಒಂದೇ ಸಾಲು ನುಡಿ. ನುಡಿದವನೇ ಹಿಂದಕ್ಕೆ ಬೀಳುತ್ತಾನೆ, ಕೆಳಗಿನವರು ಕಂಬಳಿಯಲ್ಲಿ ಹಿಡಿಯುತ್ತಾರೆ. ಆ ನುಡಿಯಲ್ಲಿ ಮಳೆ, ಬೆಳೆ, ಸರ್ಕಾರ ಎಲ್ಲವನ್ನೂ ಜನ ಹುಡುಕುತ್ತಾರೆ. ನಾವು ಹುಡುಕಿದ್ದು ಬೀಳುವ ಕ್ಷಣ.

ಭಂಡಾರದ ಪುಡಿ ಗಾಳಿಯಲ್ಲೆಲ್ಲ ತೇಲುತ್ತಿತ್ತು. ಡಿ3100ರಲ್ಲಿ ಸೆನ್ಸರನ್ನು ಅಲುಗಿಸಿ ಧೂಳು ಕೊಡವುವ ವ್ಯವಸ್ಥೆ ಇದೆ, 1100ಡಿಯಲ್ಲಿ ಇಲ್ಲ ಎಂದು ನಾನು ಅತ್ತೆಯ ಮಗನನ್ನು ಕೊನೆಯ ಬಾರಿ ಹಂಗಿಸಿದೆ. ಅವನ ಜೂಮ್ ಬಳೆಯ ಗೀರುಗಳಲ್ಲಿ ಅರಿಶಿನ ಕೂತು ಇವತ್ತಿಗೂ ತಿರುಗಿಸಿದರೆ ಕರಕರ ಎನ್ನುತ್ತದೆ. ನನ್ನದೂ ಎನ್ನುತ್ತದೆ, ಆದರೆ ಅದನ್ನು ನಾನು ಅವನಿಗೆ ಹೇಳಿಲ್ಲ.

ಎರಡೂ ಕ್ಯಾಮೆರಾಗಳ ವೇಗ ಸೆಕೆಂಡಿಗೆ ಮೂರು ಚಿತ್ರ. ಈ ಯಂತ್ರದ ಒಳಗೆ ಒಂದು ಕನ್ನಡಿ ಇದೆ. ಲೆನ್ಸಿನಿಂದ ಬಂದ ಬೆಳಕನ್ನು ಅದೇ ನಮ್ಮ ಕಣ್ಣಿಗೆ ತಿರುಗಿಸುವುದು. ಗುಂಡಿ ಒತ್ತಿದಾಗ ಕನ್ನಡಿ ಮೇಲಕ್ಕೆ ಏಳುತ್ತದೆ, ಬೆಳಕು ಸೆನ್ಸರಿಗೆ ಹೋಗುತ್ತದೆ, ಹಿಡಿದವನ ಕಣ್ಣಿಗೆ ಆ ಹೊತ್ತು ಕತ್ತಲು. ಚಿತ್ರ ಮೂಡುವ ಕ್ಷಣವನ್ನು ಚಿತ್ರ ತೆಗೆಯುವವನು ಮಾತ್ರ ನೋಡಿರುವುದಿಲ್ಲ. ನಿರುಕ್ತದಲ್ಲಿ ನಾನು ಮಾಡಿದ ಊಹೆಗೆ ಇದಕ್ಕಿಂತ ದೊಡ್ಡ ಪುರಾವೆ ಬೇಡ. ಎರಡೂ ‘ಕಾಣೆನ್’.

“ಸದ್ದಲೇ” ಎಂದದ್ದು ಕೇಳಿತು. ಅಷ್ಟು ದೊಡ್ಡ ಮೌನದಲ್ಲಿ ಖಟಖಟ ಎಂದು ಸದ್ದು ಮಾಡಿದವರು ನಾವಿಬ್ಬರೇ. ಮುಂದಿದ್ದವರು ತಿರುಗಿ ನೋಡಿದರು.

‘ಕ’ ಪ್ರತಿಯಲ್ಲಿ ಗೊರವಯ್ಯ ಬಿಲ್ಲಿನ ಮೇಲಿದ್ದಾನೆ, ಬಾಯಿ ತೆರೆದಿದೆ. ‘ನಿ’ ಪ್ರತಿಯಲ್ಲಿ ಬಿಲ್ಲು ಇದೆ, ಹಿಂದೆ ಆಕಾಶ ಇದೆ. ನಡುವಿನ ಭಾಗ ಎರಡೂ ಪ್ರತಿಗಳಲ್ಲಿ ಲುಪ್ತ.

ವಾಪಸ್ ಬರುವಾಗ ಬಸ್ಸಿನಲ್ಲಿ ಪಕ್ಕದ ಸೀಟಿನ ಅಜ್ಜ ಒಬ್ಬರು, ಹಣೆ ತುಂಬ ಭಂಡಾರ, ನಮ್ಮ ಕೊರಳಿನ ಭಾರ ನೋಡಿ ಕೇಳಿದರು: “ಹತ್ರ ನಿಂತಿದ್ರಲ್ಲಪ್ಪ, ನನಗ ಕಿವಿ ಮಂದ. ಏನಂತ ನುಡಿದ ಗೊರವಯ್ಯ?”

ನಾನು ಅವನನ್ನು ನೋಡಿದೆ, ಅವನು ನನ್ನನ್ನು ನೋಡಿದ. ಅಜ್ಜ ಸ್ವಲ್ಪ ಹೊತ್ತು ಕಾದು ಕಿಟಕಿಯ ಕಡೆ ತಿರುಗಿದರು. ಅವನು ನನ್ನ ಕ್ಯಾಮೆರಾ ಇಸಿದುಕೊಂಡು ಹಿಂದಿನ ಪರದೆಯ ಮೇಲೆ ಚಿತ್ರ ತಂದು, ಡಿಲೀಟ್ ಗುಂಡಿಯ ಮೇಲೆ ಹೆಬ್ಬೆಟ್ಟಿಟ್ಟು, “ಮಾಮ, ಇದನ್ನ ತೆಗೆದುಬಿಡ್ಲಾ?” ಅಂದ.

“ಬ್ಯಾಡ” ಅಂದೆ. “ಬಿಲ್ಲಾದ್ರೂ ಐತೆಲ್ಲ. ಇರ್ಲಿ.”